ಮಕ್ಕಳ ಲೇಖಕರಿಗೊಂದು ಕವಿಚರಿತೆ ಬೇಡವೇ?

ಪೊಟ್ಟಣ ಕಟ್ಟಲೆಂದು ಕ್ಯಾಂಪಿನ ನಮ್ಮ ಅಂಗಡಿಗೆ ತಂದ ರದ್ದಿಯಲ್ಲಿ ಕಳೆದ ವರ್ಷ ಮಕ್ಕಳ ಪದ್ಯಗಳ ಹಳೆಯ ಪುಸ್ತಿಕೆಯೊಂದು ದೊರೆಯಿತು. ಹೊದಿಕೆ ಹರಿದಿತ್ತು, ಹೆಸರಿನ ಪುಟವೂ ಇರಲಿಲ್ಲ. ಪದ್ಯಗಳಾದರೋ ಸೊಗಸಾಗಿದ್ದವು. ಕರ್ತೃ ಯಾರೆಂದು ತಿಳಿಯಲು ನನ್ನಲ್ಲಿರುವ ಸಾಹಿತ್ಯ ಚರಿತ್ರೆಗಳನ್ನೂ ಲೇಖಕರ ಕೋಶಗಳನ್ನೂ ತಿರುವಿ ಹಾಕಿದೆ. ಉತ್ತರ ದೊರೆಯದಿದ್ದುದಕ್ಕಿಂತ, ಅದನ್ನು ಎಲ್ಲಿ ಹುಡುಕಬೇಕೆಂಬುದೇ ತೋಚದೆ ಹೋದುದು ನನ್ನನ್ನು ಹೆಚ್ಚು ಬಾಧಿಸಿತು.

ಲೇಖಕರನ್ನು ಕುರಿತ ಪರಾಮರ್ಶನ ಗ್ರಂಥ ಹೇಗಿರಬೇಕೆಂಬುದು ಕನ್ನಡಕ್ಕೆ ಹೊಸ ವಿಷಯವಲ್ಲ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಪ್ರಕಟವಾದವು. ಕವಿಯ ಕಾಲ, ಮತ, ಗುರು, ಆಶ್ರಯದಾತ, ಕೃತಿಗಳು, ಮಾದರಿಗೆ ಕೆಲವು ಪದ್ಯಗಳು: ದೊರೆತಷ್ಟು ವಿವರವನ್ನು ಆಚಾರ್ಯರು ಮಹಾಕವಿಗೂ ಅಲ್ಪಕವಿಗೂ ಕೊಟ್ಟರು. ಕೃತಿ ಕಿರಿದೆಂದು ಕರ್ತೃವನ್ನು ಬಿಡಲಿಲ್ಲ. ನಮ್ಮ ಎಷ್ಟೋ ಜೈನ ಕವಿಗಳ ಹೆಸರನ್ನು ಇಂದಿನ ವಾಚಕರು ಬಲ್ಲರಾದರೆ ಅದು ಈ ಸಮದೃಷ್ಟಿಯ ಫಲ.

ಇಪ್ಪತ್ತನೆಯ ಶತಮಾನದ ಲೇಖಕರ ವಿಷಯಕ್ಕೆ ಬರುವಾಗ ಈ ಸಮದೃಷ್ಟಿ ಸಡಿಲಾಯಿತು. ನಮ್ಮ ಜಿಲ್ಲೆಯವರೇ ಆದ ಡಿ.ಎಸ್. ಕರ್ಕಿಯವರನ್ನು (1907–1984) ನೋಡಿರಿ. ‘ಹಚ್ಚೇವು ಕನ್ನಡದ ದೀಪ’ ಬರೆದ ಕವಿಯೆಂದು, ಛಂದಸ್ಸಿನ ವಿದ್ವಾಂಸರೆಂದು ಅವರಿಗೆ ಸಲ್ಲಬೇಕಾದ ಗೌರವ ಸಂದಿದೆ. ಆದರೆ ‘ಬಣ್ಣದ ಚೆಂಡು’, ‘ತನನತೋಂ’ ಎಂಬ ಶಿಶುಗೀತೆಗಳ ಪುಸ್ತಕಗಳು ನಾನು ಕಂಡ ಬರಹಗಳಲ್ಲಿ ‘ಇವಲ್ಲದೆ’ ಎಂಬ ಮಾತಿನ ಹಿಂದೆ, ಇಸವಿಯೂ ಇಲ್ಲದೆ, ಒಂದೇ ಸಾಲಿನಲ್ಲಿ ಮುಗಿದುಹೋಗುತ್ತವೆ. ಛಂದಸ್ಸನ್ನು ಕುರಿತು ಪ್ರೌಢ ಸಂಶೋಧನೆ ಮಾಡಿದವರು ತೊದಲ್ನುಡಿಯ ಕೂಸಿಗಾಗಿ ಎಂಥ ಲಯವನ್ನು ಆರಿಸಿಕೊಂಡರು? ಇದಕ್ಕಿಂತ ಕುತೂಹಲಕರ ಪ್ರಶ್ನೆ ವಿಮರ್ಶಕನಿಗೆ ಇನ್ನೇನು ಬೇಕು! ಇಸವಿಯೇ ತಿಳಿಯದಿದ್ದರೆ ಆ ವಿಚಾರ ಆರಂಭವಾಗುವುದಾದರೂ ಹೇಗೆ?

ಕಾವ್ಯನಾಮಗಳ ತೊಡಕು ಬೇರೆ. ‘ಕವಿಶಿಷ್ಯ’ರೆಂದರೆ ಪಂಜೆ ಮಂಗೇಶರಾಯರು (1874–1937), ‘ಹೊಯಿಸಳ’ರೆಂದರೆ ಅರಗಂ ಲಕ್ಷ್ಮಣರಾಯರು ಎಂದು ಬಲ್ಲವರು ವಿರಳರಾಗುತ್ತಿದ್ದಾರೆ. ಇವರು ಪ್ರಸಿದ್ಧರು, ಹುಡುಕಿದರೆ ಸಿಕ್ಕಾರು. ಹಳ್ಳಿಯ ಶಾಲೆಯಲ್ಲಿ ಕಲಿಸುತ್ತ, ಸಂಬಳದಲ್ಲಿ ಉಳಿಸಿ, ಐನೂರು ಪ್ರತಿ ಅಚ್ಚು ಹಾಕಿಸಿದ ಮಾಸ್ತರರ ಗತಿಯೇನು? ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಬಾಲಸಾಹಿತ್ಯ ಪುರಸ್ಕಾರ ಕೊಡುತ್ತಿರುವುದು ಸ್ತುತ್ಯವೇ. ಕನ್ನಡದಲ್ಲಿ ಮೊದಲು ಬೊಳುವಾರು ಮಹಮದ್ ಕುಂಞಿಯವರಿಗೆ ಅದು ಸಂದಿತು. ಆದರೆ ಬಹುಮಾನಿತರ ಯಾದಿ ಪರಾಮರ್ಶನ ಗ್ರಂಥವಾಗಲಾರದು. ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳು ಕಿರಿಯರಿಗಾಗಿ ಬಂದವು, ಕಿರಿಯರಿಗಾಗಿ ಬರೆದವರನ್ನು ಕುರಿತು ಅಂಥ ಸಾಹಸ ನಡೆಯಬೇಕಾಗಿದೆ.

ಅಮೆರಿಕೆಯಲ್ಲಿ 1971ರಲ್ಲಿ ‘ಸಂಥಿಂಗ್ ಅಬೌಟ್ ದಿ ಆಥರ್’ ಎಂಬ ಕೋಶಮಾಲೆ ಆರಂಭವಾಯಿತು. ಅದರ ಸಂಪುಟಗಳು ಮುನ್ನೂರನ್ನು ಮೀರಿವೆ. ಲೇಖಕನ ಹುಟ್ಟು, ವಿದ್ಯೆ, ಉದ್ಯೋಗ, ಪುಸ್ತಕಗಳ ಪ್ರಕಾಶಕರು, ವರ್ಷ ಎಲ್ಲವೂ ಅದರಲ್ಲುಂಟು. ಚಿತ್ರ ಬರೆದವರಿಗೂ ಸ್ವತಂತ್ರ ಸ್ಥಾನವುಂಟು. ಲೇಖಕನು ತನ್ನ ವಿಷಯವಾಗಿ ಹೇಳಿಕೊಂಡುದನ್ನು ಅದು ತುಸು ಹೆಚ್ಚಾಗಿಯೇ ನೆಚ್ಚುತ್ತದೆಂಬುದು ನನ್ನ ಆಕ್ಷೇಪ. ಆದರೂ ಕ್ಯಾಂಪಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನನ್ನ ಮೊಮ್ಮಗಳು ದೂರದ ಕಥೆಗಾರರ ಜನ್ಮದಿನವನ್ನೂ ಬಲ್ಲಳು. ಈ ಜಿಲ್ಲೆಯ ಕರ್ಕಿಯವರ ಹೆಸರನ್ನು ಅರಿಯಳು. ಅವಳದೇನು ತಪ್ಪು?

ಮಕ್ಕಳ ಪುಸ್ತಕ ಅಗ್ಗದ ಕಾಗದದ ಅಲ್ಪಾಯುಷಿ, ಅದಕ್ಕೇಕೆ ಇಷ್ಟು ಶ್ರಮವೆಂದು ಮಿತ್ರರೊಬ್ಬರು ಕೇಳಿದರು. ಅಲ್ಪಾಯುಷಿಯಾದುದರಿಂದಲೇ ತ್ವರೆ ಬೇಕು. ತಾಳೆಯೋಲೆಯೂ ಹುಳುವಿಗೆ ಆಹಾರವೇ ಆಗಿತ್ತು. ಪೊನ್ನನ ಶಾಂತಿಪುರಾಣವನ್ನು ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿದಳು.

ಬಸದಿಗಳ ವಾಚನಾಲಯಗಳಲ್ಲಿ, ಹಳೆಯ ಮನೆಗಳ ಅಟ್ಟಗಳಲ್ಲಿ ಇಂಥ ಪುಸ್ತಿಕೆಗಳು ಇನ್ನೂ ಇವೆ. ವಿಶ್ವಸ್ತ ಮಂಡಳಿಗಳು ಒಂದು ದಪ್ಪ ವಹಿಯನ್ನಿಟ್ಟು ಲೇಖಕ, ಊರು, ಚಿತ್ರಕಾರ, ಮುದ್ರಣಾಲಯ, ಇಸವಿ, ಬೆಲೆ ಇಷ್ಟನ್ನೇ ಬರೆಸಲಿ. ಬೆಲೆಯನ್ನು ಬಿಡಬಾರದು, ಎರಡಾಣೆಯ ಪುಸ್ತಕವನ್ನು ಯಾವ ಮನೆಯ ಮಗು ಕೊಳ್ಳಬಹುದಿತ್ತೆಂಬುದನ್ನು ಅದೊಂದೇ ಹೇಳಬಲ್ಲದು. ನನ್ನ ಬಳಿಯಿರುವ ಹೆಸರಿಲ್ಲದ ಪುಸ್ತಿಕೆಯ ಕೊನೆಯ ಪುಟದಲ್ಲಿ ಮುದ್ರಣಾಲಯದ ಹೆಸರಿನ ಅರ್ಧ ಮಾತ್ರ ಉಳಿದಿದೆ. ಗುರುತಿಸಬಲ್ಲ ಹಿರಿಯರು ಅಂಗಡಿಗೆ ಬಂದು ನೋಡಬೇಕಾಗಿ ವಿನಂತಿ.