‘ಕಾಡು ಕರಿಬೇವು’ - ಈ ಹೆಸರು ಸರಿಯೆ?

ಬೆಂಗಳೂರಿನ ಹೊಸಹಳ್ಳಿ, ವಿಜಯನಗರಗಳಂಥ ಬಡಾವಣೆಗಳ ಚಿಕ್ಕ ನಿವೇಶನಗಳಿಗೆ ಹೇಳಿ ಮಾಡಿಸಿದಂಥ ಪೊದೆಸಸ್ಯವೊಂದಿದೆ. ಅದು ಬೇಲಿಗೂ ಒಗ್ಗುತ್ತದೆ, ಕುಂಡಕ್ಕೂ ಒಗ್ಗುತ್ತದೆ. ಮಳೆ ಬಿದ್ದ ಕೆಲವು ದಿನಗಳಲ್ಲಿ ಗಿಡದ ತುಂಬ ಕಂಪಿನ ಬಿಳಿ ಹೂ. ನರ್ಸರಿಗಳಲ್ಲಿ ಇದು ‘ಕಾಮಿನಿ’ ಅಥವಾ ‘ಮಧುಕಾಮಿನಿ’. ಸಸ್ಯವಿಜ್ಞಾನದಲ್ಲಿ ಮುರಾಯ ಪ್ಯಾನಿಕ್ಯುಲೇಟ. ಕನ್ನಡದ ಸಸ್ಯಪಟ್ಟಿಗಳು ಇದಕ್ಕೆ ‘ಕಾಡು ಕರಿಬೇವು’ ಎಂಬ ಹೆಸರನ್ನೂ ಕೊಡುತ್ತವೆ. ಈ ಹೆಸರನ್ನು ಸ್ವಲ್ಪ ಪರೀಕ್ಷಿಸೋಣ.

ಹೆಸರಿಗೆ ಆಧಾರವೇ ಇಲ್ಲವೆಂದಲ್ಲ. ನಿಂಬೆ, ಕಿತ್ತಳೆ, ಬಿಲ್ವಗಳಂತೆ ಕಾಮಿನಿ, ಕರಿಬೇವುಗಳೂ ರೂಟೇಸೀ ಕುಟುಂಬದವು. ಎರಡರದೂ ಸಂಯುಕ್ತ ಎಲೆ. ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಚುಕ್ಕೆಗಳು ಕಾಣುತ್ತವೆ, ಅವು ತೈಲಗ್ರಂಥಿಗಳು. 1825ರಲ್ಲಿ ಸ್ಪ್ರೆಂಗೆಲ್ ಕರಿಬೇವನ್ನೂ ಮುರಾಯ ಕುಲಕ್ಕೇ ಸೇರಿಸಿದ್ದರಿಂದ ನಂಟು ಇನ್ನಷ್ಟು ಗಟ್ಟಿಯಾಯಿತು.

ಆದರೆ ಹೋಲಿಕೆ ಇಲ್ಲಿಗೇ ಮುಗಿಯುತ್ತದೆ. ಕಾಮಿನಿಯ ಎಲೆಯಲ್ಲಿ ಸಾಮಾನ್ಯವಾಗಿ 3ರಿಂದ 7 ಕಿರುಎಲೆಗಳು. ಅವು ಹೊಳಪಾಗಿದ್ದು ಅಂಚು ನಯವಾಗಿರುತ್ತದೆ. ಕರಿಬೇವಿನಲ್ಲಿ ಹನ್ನೊಂದಕ್ಕೂ ಹೆಚ್ಚು. ಕಾಮಿನಿಯ ಹೂವಿನ ಐದು ಎಸಳುಗಳು ನೀಳವಾಗಿ ಹಿಂದಕ್ಕೆ ಬಾಗುತ್ತವೆ. ಕರಿಬೇವಿನ ಹೂ ಚಿಕ್ಕದು, ಗೊಂಚಲು ದೊಡ್ಡದು. ಕಾಮಿನಿಯ ಹಣ್ಣು ಕೆಂಪು, ಕರಿಬೇವಿನದು ಕಪ್ಪು. ಎಲೆಯನ್ನು ಹಿಸುಕಿ ಮೂಸಿದರೆ ಸಂದೇಹವೇ ಉಳಿಯುವುದಿಲ್ಲ: ಒಗ್ಗರಣೆಯ ಆ ಘಮ ಕಾಮಿನಿಯಲ್ಲಿಲ್ಲ.

ರಸಾಯನ ವಿಜ್ಞಾನವೂ ಇದನ್ನೇ ಹೇಳುತ್ತದೆ. ಕರಿಬೇವಿನಲ್ಲಿ ಕಾರ್ಬಜೋಲ್ ಆಲ್ಕಲಾಯ್ಡ್‌ಗಳು ಪ್ರಧಾನ, ಕಾಮಿನಿಯಲ್ಲಿ ಕೂಮರಿನ್‌ಗಳು. ಡಿಎನ್‌ಎ ಅಧ್ಯಯನಗಳೂ ಇವೆರಡನ್ನು ದೂರ ಇರಿಸಿದ ಮೇಲೆ, 1771ರಲ್ಲಿ ಲಿನೇಯಸ್ ಕರಿಬೇವಿಗೆ ಕೊಟ್ಟಿದ್ದ ಬರ್ಗೆರ ಕೊಯೆನಿಗಿ ಎಂಬ ಹೆಸರು ಮತ್ತೆ ಬಳಕೆಗೆ ಬಂದಿದೆ.

‘ಕಾಡು ಕರಿಬೇವು’ ಎಂಬ ಹೆಸರಿನ ದೊಡ್ಡ ದೋಷ ಬೇರೆಯೇ ಇದೆ. ನಿಜವಾದ ಕರಿಬೇವು ನಮ್ಮ ಕಾಡುಗಳಲ್ಲಿ ತಾನಾಗಿಯೇ ಬೆಳೆಯುತ್ತದೆ. ‘ಕಾಡು ಕರಿಬೇವು’ ಎಂದು ಕರೆಯಬೇಕಾದದ್ದು ಅದನ್ನು. ಆ ಹೆಸರನ್ನು ಕಾಮಿನಿಗೆ ಕೊಟ್ಟರೆ ಓದುಗನು ಅದನ್ನು ಅಡುಗೆಯ ಸೊಪ್ಪಿನ ಕಾಡುತಳಿಯೆಂದೇ ತಿಳಿಯುತ್ತಾನೆ. ಹೆಸರು ಗಿಡವನ್ನು ಗುರುತಿಸಲು ನೆರವಾಗಬೇಕು, ದಾರಿ ತಪ್ಪಿಸಬಾರದು.

ಕಾಮಿನಿಯನ್ನು ಬೆಳೆಸುವುದು ಸುಲಭ. ಹಣ್ಣಿನ ತಿರುಳು ತೆಗೆದು ಬೀಜವನ್ನು ತಡಮಾಡದೆ ಬಿತ್ತಬೇಕು. ಬಿಸಿಲು ಮತ್ತು ನೀರು ನಿಲ್ಲದ ಮಣ್ಣು ಬೇಕು. ಹೂಗಳು ರೆಂಬೆಯ ತುದಿಯಲ್ಲಿ ಬರುವುದರಿಂದ ಪದೇ ಪದೇ ಕತ್ತರಿಸಿದರೆ ಹಸಿರು ಗೋಡೆ ಸಿಗುತ್ತದೆಯೇ ಹೊರತು ಹೂವಲ್ಲ. ಹೂ ಮುಗಿದ ಮೇಲೆ ಸವರುವುದು ಒಳ್ಳೆಯದು.

ತೋಟಗಾರಿಕೆಯ ಬರಹಗಳು ಹಲವು ವೇಳೆ ಇಲ್ಲಿಗೇ ನಿಲ್ಲುತ್ತವೆ. ಮುಖ್ಯವಾದ ಎಚ್ಚರಿಕೆಯೊಂದು ಬಿಟ್ಟುಹೋಗುತ್ತದೆ. ಕಿತ್ತಳೆ, ನಿಂಬೆಗಳಿಗೆ ಹಸಿರುರೋಗ ಹರಡುವ ಡಯಾಫೊರಿನ ಸಿಟ್ರಿ ಎಂಬ ಪುಟ್ಟ ಕೀಟಕ್ಕೆ ಕಾಮಿನಿಯ ಚಿಗುರು ಬಲು ಇಷ್ಟ. ಪ್ರತಿ ಸಲ ಬೇಲಿ ಕತ್ತರಿಸಿದಾಗಲೂ ಹೊಸ ಚಿಗುರು ಬರುತ್ತದೆ. ಮೊಟ್ಟೆಯಿಡಲು ಕೀಟಕ್ಕೆ ಬೇಕಾದುದೂ ಅದೇ. ಕರಿಬೇವಿನ ಮೇಲೂ ಈ ಕೀಟ ಬೆಳೆಯುತ್ತದೆ. ರೋಗ ತಗುಲಿದ ಮರವನ್ನು ಗುಣಪಡಿಸುವ ಖಚಿತ ಮದ್ದಿಲ್ಲ. ಕೊಡಗಿನ ಕಿತ್ತಳೆ ಕ್ಷೀಣಿಸಿದ್ದಕ್ಕೆ ಈ ರೋಗವೂ ಒಂದು ಕಾರಣ. ಬ್ರೆಜಿಲ್‌ನಲ್ಲಿ 2004ರಲ್ಲಿ, ಅಮೆರಿಕದ ಫ್ಲಾರಿಡದಲ್ಲಿ 2005ರಲ್ಲಿ ಕಾಣಿಸಿಕೊಂಡು ಅಲ್ಲಿನ ತೋಟಗಳಿಗೆ ಭಾರಿ ನಷ್ಟ ಉಂಟುಮಾಡಿತು. ಹಾಗಾಗಿ ಹಿತ್ತಲಲ್ಲಿ ನಿಂಬೆಗಿಡವಿದ್ದವರು, ಅದಕ್ಕಿಂತ ಮುಖ್ಯವಾಗಿ ಕಿತ್ತಳೆ, ಮೋಸಂಬಿ ಬೆಳೆಗಾರರು, ಕಾಮಿನಿಯ ಬೇಲಿ ಹಾಕದಿರುವುದೇ ಲೇಸು.

ನರ್ಸರಿಯವರು ಬಳಸುವ ‘ಕಾಮಿನಿ’ ಎಂಬ ಹೆಸರು ಪುಟ್ಟದು, ಗೊಂದಲವಿಲ್ಲದ್ದು. ನಮ್ಮ ಪುಸ್ತಕಗಳೂ ಉದ್ಯಾನಗಳ ಫಲಕಗಳೂ ಅದನ್ನೇ ಒಪ್ಪಿಕೊಳ್ಳಬಹುದು. ಜೊತೆಗೆ ವೈಜ್ಞಾನಿಕ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದರೆ ಸಾಕು. ಮುಂದಿನ ಸಲ ಈ ಗಿಡ ಎದುರಾದಾಗ ಒಂದು ಎಲೆ ಹಿಸುಕಿ, ಕಿರುಎಲೆಗಳನ್ನು ಎಣಿಸಿ. ಹೆಸರು ಸರಿಯೋ ತಪ್ಪೋ ನೀವೇ ತೀರ್ಮಾನಿಸಬಹುದು.