ನಾನಿ ಅನಕ್ಷರಸ್ಥೆಯೇ?

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಬರೆದ ಒಂದು ಕಥೆಯ ಮೊದಲ ಪುಟದಲ್ಲೇ ‘ಆಕೆ ಅನಕ್ಷರಸ್ಥೆ’ ಎಂಬ ಮಾತಿದೆ. ಆ ಪಾತ್ರಕ್ಕೆ ಮಾದರಿ ಬೆನ್ಸನ್ ಟೌನಿನಲ್ಲಿದ್ದ ನನ್ನ ನಾನಿ. ಕಥೆ ಅಚ್ಚಾದಾಗ ಅಮ್ಮಿ ಅದನ್ನು ಉರ್ದುವಿಗೆ ತಿರುಗಿಸುತ್ತಾ ನಾನಿಗೆ ಓದಿ ಹೇಳಿದರು. ಕಥೆಯ ದುಃಖಕ್ಕೆ ನಾನಿ ಕರಗಲಿಲ್ಲ. ‘ಮೇರೆಕು ಪಡ್ನಾ ನೈ ಆತಾ ಬೋಲ್ಕೆ ಕೌನ್ ಬೋಲ್ಯಾ?’ ಎಂದರು. ನನಗೆ ಓದು ಬರುವುದಿಲ್ಲವೆಂದು ಹೇಳಿದವರು ಯಾರು?

ಪ್ರಶ್ನೆ ನ್ಯಾಯವಾಗಿಯೇ ಇತ್ತು. ನಾನಿ ಪ್ರತಿದಿನ ಫಜ್ರ್ ನಮಾಝಿನ ಬಳಿಕ ಕುರ್‌ಆನ್ ಓದುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಉರ್ದು ದೈನಿಕ ‘ಸಾಲಾರ್’ ಹಿಡಿದು ಕೂರುತ್ತಿದ್ದರು. ಊರಿನಲ್ಲಿ ಯಾರು ತೀರಿಕೊಂಡರೆಂಬುದು ಮನೆಗೆ ತಿಳಿಯುತ್ತಿದ್ದುದು ಅವರಿಂದ. ಆದರೆ ಅವರಿಗೆ ಬರೆಯಲು ಬರುತ್ತಿರಲಿಲ್ಲ. ತಮ್ಮ ಹೆಸರನ್ನೂ ಬರೆಯಲಾರರು. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು. ಕಥೆಗಾರನಾದ ನಾನು ಶಾಯಿ ಹತ್ತಿದ ಆ ಹೆಬ್ಬೆಟ್ಟನ್ನು ಮಾತ್ರ ನೋಡಿದ್ದೆ.

ನನ್ನ ಕಥೆಯ ತಪ್ಪನ್ನು ನಮ್ಮ ಜನಗಣತಿಯೂ ಮಾಡುತ್ತದೆ. ಏಳು ವರ್ಷ ತುಂಬಿದ, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಲೂ ಬರೆಯಲೂ ಬಲ್ಲ ವ್ಯಕ್ತಿ ಸಾಕ್ಷರ ಎಂಬುದು ಅದರ ನಿಯಮ. ಶಾಲೆಗೆ ಹೋಗಿರಲೇಬೇಕೆಂದಿಲ್ಲ. ಆದರೆ ಓದಲು ಮಾತ್ರ ಬಂದು ಬರೆಯಲು ಬಾರದಿದ್ದರೆ ಆತ ಸಾಕ್ಷರನಲ್ಲ. ಯುನೆಸ್ಕೋ 1958ರಲ್ಲಿ ಕೊಟ್ಟ ವ್ಯಾಖ್ಯೆಯೂ ಓದು ಬರಹ ಎರಡನ್ನೂ ಕೇಳುತ್ತದೆ. ಹೀಗಾಗಿ ಅರ್ಧ ಶತಮಾನ ಪತ್ರಿಕೆ ಓದಿದ ನಾನಿ, ಒಂದಕ್ಷರವನ್ನೂ ಕಾಣದವರ ಜೊತೆ ಒಂದೇ ಕಾಲಮಿನಲ್ಲಿ ಸೇರಿದರು.

ನಾನಿಯ ಓದು ಬೆಳೆದ ದಾರಿಯನ್ನು ಸ್ವಲ್ಪ ನೋಡಬೇಕು. ಮೊದಲು ಕಾಯಿದಾ. ಮನೆಗೆ ಬರುತ್ತಿದ್ದ ಉಸ್ತಾನಿಯ ಮುಂದೆ ಕುಳಿತು ಅಲಿಫ್, ಬೇ. ಅನಂತರ ಝಬರ್, ಝೇರ್, ಪೇಶ್. ಕುರ್‌ಆನಿನ ಮುದ್ರಣದಲ್ಲಿ ಈ ಸ್ವರಚಿಹ್ನೆಗಳು ಪೂರ್ತಿಯಾಗಿರುತ್ತವೆ. ಆದ್ದರಿಂದ ಅರಬಿ ಭಾಷೆ ತಿಳಿಯದವರೂ ಅದನ್ನು ತಪ್ಪಿಲ್ಲದೆ ಓದಬಲ್ಲರು. ಉರ್ದು ಪತ್ರಿಕೆಯಲ್ಲಿ ಈ ಚಿಹ್ನೆಗಳನ್ನು ಸಾಮಾನ್ಯವಾಗಿ ಅಚ್ಚು ಮಾಡುವುದಿಲ್ಲ. ಅಲಿಫ್ ಮತ್ತು ಸೀನ್ ಎಂಬ ಎರಡೇ ಅಕ್ಷರ ಇದ್ದರೆ ‘ಇಸ್’ ಎಂದೂ ಓದಬಹುದು, ‘ಉಸ್’ ಎಂದೂ ಓದಬಹುದು. ಒಂದಕ್ಕೆ ‘ಈ’ ಎಂದರ್ಥ, ಇನ್ನೊಂದಕ್ಕೆ ‘ಆ’. ಯಾವುದು ಸರಿಯೆಂಬುದನ್ನು ವಾಕ್ಯದ ಅರ್ಥವೇ ಹೇಳಬೇಕು. ಕನ್ನಡದಲ್ಲಿ ಈ ತೊಂದರೆಯಿಲ್ಲ. ಕಾಗುಣಿತ ಬಂದರೆ ಅರ್ಥವಾಗದ ಶಾಸನವನ್ನೂ ಗಟ್ಟಿಯಾಗಿ ಓದಬಹುದು. ಉರ್ದು ಓದುಗನಿಗೆ ಆ ಸೌಕರ್ಯವಿಲ್ಲ. ಅವನು ತಿಳಿದೇ ಓದಬೇಕು. ಕುರ್‌ಆನಿನ ಪುಟದಿಂದ ಪತ್ರಿಕೆಯ ಪುಟಕ್ಕೆ ಯಾವ ಶಾಲೆಯ ನೆರವೂ ಇಲ್ಲದೆ ದಾಟಿದ ನಾನಿ ಸಣ್ಣ ಕೆಲಸವನ್ನೇನೂ ಮಾಡಿರಲಿಲ್ಲ.

ಹಾಗಾದರೆ ಬರಹ ಏಕೆ ಬರಲಿಲ್ಲ? ಕಲಿಸಲಿಲ್ಲ, ಅಷ್ಟೇ. ಬರೆಯಲು ಕಲಿತ ಹುಡುಗಿ ಯಾರಿಗೆ ಪತ್ರ ಬರೆದಾಳೋ ಎಂಬ ಭಯ ಎಷ್ಟೋ ಮನೆಗಳಲ್ಲಿತ್ತು. ಇದು ಮುಸ್ಲಿಮರಿಗೆ ಮಾತ್ರ ಅಂಟಿದ ರೋಗವಲ್ಲ. 19ನೇ ಶತಮಾನದ ಬಂಗಾಳದ ಗೃಹಿಣಿ ರಾಸಸುಂದರಿ ದೇವಿ ಅಡುಗೆಮನೆಯಲ್ಲಿ ಪುಸ್ತಕದ ಹಾಳೆಯೊಂದನ್ನು ಬಚ್ಚಿಟ್ಟುಕೊಂಡು ಓದು ಕಲಿತರು. ಬರಹ ಅವರ ಕೈಗೆ ಬಂದದ್ದು ಎಷ್ಟೋ ಕಾಲದ ನಂತರ. ಆದರೆ ನಾವು ಈ ಭಯಕ್ಕೆ ಧರ್ಮದ ಹೊದಿಕೆ ಹೊದಿಸಿದೆವು. ಪ್ರವಾದಿಯವರಿಗೆ ಬಂದ ಮೊದಲ ದಿವ್ಯವಾಣಿಯಲ್ಲಿ ಓದಿನ ಜೊತೆಯಲ್ಲೇ ಲೇಖನಿಯ ಮಾತೂ ಇದೆ. ಶಿಫಾ ಬಿಂತ್ ಅಬ್ದುಲ್ಲಾ ಎಂಬ ಮಹಿಳೆ ಪ್ರವಾದಿಪತ್ನಿ ಹಫ್ಸಾ ಅವರಿಗೆ ಬರಹ ಕಲಿಸಿದ್ದು ಹದೀಸ್ ಗ್ರಂಥದಲ್ಲಿದೆ. 20ನೇ ಶತಮಾನದ ಆರಂಭದಲ್ಲಿ ಮೌಲಾನಾ ಅಶ್ರಫ್ ಅಲಿ ಥಾನವಿಯವರು ಹೆಣ್ಣುಮಕ್ಕಳಿಗಾಗಿ ಬರೆದ ‘ಬಹಿಶ್ತಿ ಝೇವರ್’ನಲ್ಲಿ ಪತ್ರಗಳ ಮಾದರಿಗಳೇ ಇವೆ. ಆ ಪುಸ್ತಕ ನಾನಿಯ ಪೆಟ್ಟಿಗೆಯಲ್ಲಿತ್ತು. ಪತ್ರ ಬರೆಯುವ ಕ್ರಮವನ್ನು ಅವರು ಓದಿ ಬಲ್ಲವರಾಗಿದ್ದರು. ಒಂದು ಪತ್ರವನ್ನೂ ಬರೆಯಲಿಲ್ಲ.

ಲೈಬೀರಿಯಾದ ವಾಯ್ ಜನರ ಬಗ್ಗೆ ಸಿಲ್ವಿಯಾ ಸ್ಕ್ರಿಬ್ನರ್ ಮತ್ತು ಮೈಕೆಲ್ ಕೋಲ್ 1981ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆ ಜನರಲ್ಲಿ ಮೂರು ಬಗೆಯ ಅಕ್ಷರವಿತ್ತು. ಪತ್ರ ಮತ್ತು ಲೆಕ್ಕಕ್ಕೆ ಶಾಲೆಯಿಲ್ಲದೆ ಕಲಿತ ಸ್ವಂತ ವಾಯ್ ಲಿಪಿ, ಕುರ್‌ಆನಿಗೆ ಅರಬಿ, ಶಾಲೆಯಲ್ಲಿ ಇಂಗ್ಲಿಷ್. ಅಕ್ಷರ ಕಲಿತೊಡನೆ ಮನುಷ್ಯನ ಬುದ್ಧಿಯೇ ಬದಲಾಗುತ್ತದೆಂಬ ನಂಬಿಕೆಗೆ ಅವರಿಗೆ ಆಧಾರ ಸಿಗಲಿಲ್ಲ. ಒಂದೊಂದು ಅಕ್ಷರ ಒಂದೊಂದು ಶಕ್ತಿಯನ್ನು ಬೆಳೆಸಿತ್ತು. ಕುರ್‌ಆನ್ ಕಲಿತವರು ಒಂದಕ್ಕೊಂದು ಸೇರಿಸುತ್ತಾ ನೆನಪಿಡುವುದರಲ್ಲಿ ಮುಂದಿದ್ದರು. ಶಾಲೆಯಲ್ಲಿ ಕಲಿತವರು ತಮ್ಮ ಉತ್ತರಕ್ಕೆ ಕಾರಣ ವಿವರಿಸುವುದರಲ್ಲಿ ಮುಂದಿದ್ದರು. ಜನ ಯಾವ ಕೆಲಸಕ್ಕೆ ಅಕ್ಷರವನ್ನು ಬಳಸುತ್ತಾರೋ ಆ ಕೆಲಸದಲ್ಲಿ ಅದು ಬಲಿಯುತ್ತದೆ.

ಇಷ್ಟು ಹೇಳಿ ನಾನಿಯನ್ನು ಹೊಗಳಿ ಸುಮ್ಮನಾದರೆ ಅದು ಇನ್ನೊಂದು ಸುಳ್ಳಾದೀತು. ಅವರ ಓದು ಬಳಕೆಗೆ ಬರುತ್ತಿದ್ದ ಜಾಗ ಬಹಳ ಕಿರಿದು. ಬೆನ್ಸನ್ ಟೌನ್ 1947ರವರೆಗೆ ಬ್ರಿಟಿಷರ ಆಡಳಿತದ ದಂಡು ಪ್ರದೇಶಕ್ಕೆ ಸೇರಿತ್ತು. 1949ರಲ್ಲಿ ದಂಡು ಮತ್ತು ಪೇಟೆ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಮುಂದೆ ಕಚೇರಿಯ ಕಾಗದ, ಬಸ್ಸಿನ ಬೋರ್ಡು ಕನ್ನಡಕ್ಕೆ ಬಂದವು. ಔಷಧದ ಬಾಟಲಿ ಇಂಗ್ಲಿಷಿನಲ್ಲೇ ಉಳಿಯಿತು. ನಾನಿ ಇದ್ದಲ್ಲೇ ಇದ್ದರು, ಸುತ್ತಲಿನ ಅಕ್ಷರಗಳು ಬದಲಾದವು. ಮಿಲ್ಲರ್ಸ್ ರಸ್ತೆಯ ಖುದ್ದೂಸ್ ಸಾಹೇಬ್ ಈದ್ಗಾದಿಂದ ದಂಡು ರೈಲು ನಿಲ್ದಾಣದವರೆಗೆ ನಡೆದರೆ ಅವರು ಓದಬಲ್ಲ ಬೋರ್ಡು ಎಷ್ಟು ಸಿಕ್ಕೀತು?

ಇದರ ಬೆಲೆಯನ್ನು ಅವರು ತೆತ್ತರು. ತವರಿನ ಮನೆಯ ಪಾಲಿಗೆ ಸಂಬಂಧಿಸಿದ ಹಕ್ಕುಬಿಡುಗಡೆ ಪತ್ರಕ್ಕೆ ಅವರ ಹೆಬ್ಬೆಟ್ಟು ಬಿತ್ತು. ಪತ್ರ ಕನ್ನಡದಲ್ಲಿತ್ತು. ‘ಆಪಾ, ಇದು ಕಂದಾಯದ ಕಾಗದ’ ಎಂದು ತಮ್ಮಂದಿರು ಹೇಳಿದ್ದರು. ಉರ್ದುವಿನಲ್ಲಿದ್ದರೆ ಅವರು ಓದುತ್ತಿದ್ದರು. ಓದಿದ ಮೇಲೆ ಪಾಲು ಬಿಟ್ಟುಕೊಡುತ್ತಿದ್ದರೋ ಇಲ್ಲವೋ ಬೇರೆ ಮಾತು, ನಿರ್ಧಾರ ಅವರದಾಗಿರುತ್ತಿತ್ತು. 1963ರಲ್ಲಿ ಬ್ರೆಜಿಲ್‌ನ ಅಂಜಿಕೋಸ್‌ನಲ್ಲಿ ಪೌಲೋ ಫ್ರೇರೆ ಕೂಲಿಕಾರರಿಗೆ 40 ಗಂಟೆಗಳಲ್ಲಿ ಓದು ಬರಹ ಕಲಿಸಲು ಹೊರಟಾಗ ಅವರ ಬದುಕಿನ ಪದಗಳಿಂದಲೇ ಆರಂಭಿಸಿದ್ದರು. ನಾನಿಗೆ ಯಾರಾದರೂ ‘ಪಾಲು’, ‘ಹಕ್ಕು’ ಎಂಬ ಎರಡು ಕನ್ನಡ ಪದ ಕಲಿಸಿದ್ದರೆ ಸಾಕಿತ್ತು.

2001ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ. 66.6; ರಾಜ್ಯದ ಮುಸ್ಲಿಮರದು ಶೇ. 70.1. ನಮ್ಮ ವೇದಿಕೆಗಳಲ್ಲಿ ಈ ಅಂಕಿಯನ್ನು ಹೆಮ್ಮೆಯಿಂದ ಹೇಳುವುದನ್ನು ಕೇಳಿದ್ದೇನೆ. ಹೆಮ್ಮೆ ಇರಲಿ. ಆದರೆ ಈ ಸಾಕ್ಷರರಲ್ಲಿ ಎಷ್ಟು ಮಂದಿ ತಮ್ಮ ಮನೆಪತ್ರವನ್ನು ತಾವೇ ಓದಬಲ್ಲರು ಎಂದು ಆ ಅಂಕಿ ಹೇಳುವುದಿಲ್ಲ. ಕೇಂದ್ರ ಸರಕಾರ 2024ರಲ್ಲಿ ತಿದ್ದಿದ ವ್ಯಾಖ್ಯೆ ಲೆಕ್ಕ, ಡಿಜಿಟಲ್ ತಿಳಿವಳಿಕೆ ಮತ್ತು ಹಣಕಾಸಿನ ತಿಳಿವಳಿಕೆಯನ್ನೂ ಸೇರಿಸಿಕೊಂಡಿದೆ. ಅದು ಒಳ್ಳೆಯದೇ. ನಾನಿಯ ಕೊರತೆ ಇಂಥದ್ದೇ ಆಗಿತ್ತು.

ಒಂದು ಅಕ್ಷರದಿಂದ ಇನ್ನೊಂದಕ್ಕೆ ದಾಟಲು ಸಾಧ್ಯವೆಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. ಎಂಟು ವರ್ಷದ ಬಾನು ಮುಷ್ತಾಕ್ ಅವರನ್ನು ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ನನ್ನ ಕಣ್ಣಿಗೆ ಆ ಪ್ರಶಸ್ತಿಗಿಂತ ಮೊದಲು ಕಾಣುವುದು ಮಗಳನ್ನು ಆ ಶಾಲೆಯ ಬಾಗಿಲಿಗೆ ಕರೆದೊಯ್ದ ಮನೆ.

ಈಗ ನಮ್ಮ ಮನೆಯ ಸ್ಥಿತಿ ಹೇಳುತ್ತೇನೆ. ನನ್ನ ಮಗಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಕನ್ನಡ ಪರೀಕ್ಷೆಗೆ ಬೇಕಾದಷ್ಟು ಬರುತ್ತದೆ. ಉರ್ದುವನ್ನು ಮಾತಾಡುತ್ತಾಳೆ, ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾಳೆ. ಕುರ್‌ಆನ್ ಓದುತ್ತಾಳೆ, ಆದರೆ ಝಬರ್ ಝೇರ್ ಇಲ್ಲದ ಉರ್ದು ಸಾಲು ಕಂಡರೆ ನಿಂತುಬಿಡುತ್ತಾಳೆ. ಯಾವ ಜನಗಣತಿಯಲ್ಲೂ ಅವಳು ಸಾಕ್ಷರಳೇ. ನಾನಿಯ ಪೆಟ್ಟಿಗೆಯ ಪುಸ್ತಕಗಳು ಅವಳಿಗೆ ಬರೀ ಕಾಗದ. ಓದು ಬಲ್ಲ ನಾನಿಗೆ ಬರೆಯಲು ಬರಲಿಲ್ಲ. ಬರೆಯಬಲ್ಲ ಮರಿಮಗಳಿಗೆ ನಾನಿ ಓದಿದ್ದನ್ನು ಓದಲು ಬರುವುದಿಲ್ಲ.

ನನ್ನ ಆ ಕಥೆ ಮರುಮುದ್ರಣಕ್ಕೆ ಬಂದಾಗ ‘ಅನಕ್ಷರಸ್ಥೆ’ ಎಂಬ ಮಾತನ್ನು ಹೊಡೆದುಹಾಕಿದೆ. ನಾನಿ ಆಗ ಇರಲಿಲ್ಲ. ಕಥೆಗಾರರಾದ ನಾವು ನಮ್ಮ ಹೆಂಗಸರ ಬಗ್ಗೆ ಆ ಪದ ಬರೆಯುವ ಮೊದಲು ಅವರ ಪೆಟ್ಟಿಗೆ ತೆರೆದು ನೋಡುವುದು ಒಳ್ಳೆಯದು. ಅಪ್ಪ ಅಮ್ಮಂದಿರಾದ ನಾವು ಮಗ್ರಿಬ್ ಆದ ಮೇಲೆ ಕಾಲು ಗಂಟೆ ಉರ್ದು, ಕಾಲು ಗಂಟೆ ಕನ್ನಡ ಪತ್ರಿಕೆಯನ್ನು ಮಕ್ಕಳ ಕೈಲಿ ಗಟ್ಟಿಯಾಗಿ ಓದಿಸುವುದು ಇನ್ನೂ ಒಳ್ಳೆಯದು. ನಮ್ಮ ಮನೆಯಲ್ಲಿ ಶುರು ಮಾಡಿದ್ದೇವೆ. ‘ಇಸ್’ ಯಾವುದು, ‘ಉಸ್’ ಯಾವುದು ಎಂಬಲ್ಲಿ ಮಗಳು ಇನ್ನೂ ತಪ್ಪುತ್ತಾಳೆ.