ಬಾಡಿಗೆ ಸೋಫಾದ ಸೊಗಸು

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಶಾಮಿಯಾನ ಅಂಗಡಿ ಹುಡುಗರ ಕೈಚಳಕಕ್ಕೆ ನಾನು ಮನಸೋತಿದ್ದೇನೆ. ಬೆಳಗಾಗುವುದರೊಳಗೆ ಬರಿ ಅಂಗಳವನ್ನು ಮದುವೆ ಮನೆ ಮಾಡುವವರು ಇವರೇ. ವಧೂವರರ ಕೆಂಪು ವೆಲ್ವೆಟ್ ಸೋಫಾ ಟೆಂಪೋದಿಂದ ಇಳಿಯುವುದನ್ನು ನೋಡಬೇಕು! ಚಿನ್ನದ ಬಣ್ಣದ ಕೆತ್ತನೆ ತರಚದಿರಲೆಂದು ಈ ಸೀಮೆಯದೇ ಕುರಿ ಕಂಬಳಿ ಸುತ್ತಿರುತ್ತಾರೆ. ತೋಳುಗಳನ್ನು ಮುಟ್ಟದೆ ಕೆಳಚೌಕಟ್ಟನ್ನೇ ಹಿಡಿದು ಎತ್ತುತ್ತಾರೆ. ಇಳಿಸಿದ ಮೇಲೆ ಒಮ್ಮೆ ಅಂಗೈಯಿಂದ ಒತ್ತಿ, ಅಲುಗುವ ಕಾಲಿನಡಿ ಮಡಚಿದ ರಟ್ಟು ತೂರಿಸುತ್ತಾರೆ. ಆಮೇಲಿನದು ನನಗೆ ತುಂಬ ಇಷ್ಟ: ವಧುವಿನ ಮೊಳಕಾಲ್ಮೂರು ರೇಷ್ಮೆಯ ಜರಿ ಎಲ್ಲೂ ಸಿಕ್ಕಿಕೊಳ್ಳಬಾರದಲ್ಲ, ಅದಕ್ಕೆ ಅಂಚಿನ ಮೊಳೆತಲೆಗಳನ್ನು ಬೆರಳ ತುದಿಯಿಂದ ಒಂದೊಂದಾಗಿ ತಡವಿ ನೋಡುತ್ತಾರೆ. ಎದ್ದ ಮೊಳೆಗೆ ಒಂದೇ ಪೆಟ್ಟು. ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಇಳಿಸುವಾಗ, ಸೀಳು ಬಿಟ್ಟದ್ದನ್ನು ಸದ್ದಿನಲ್ಲೇ ಗುರುತಿಸಿ ಬದಿಗಿಡುತ್ತಾರೆ. ಸಂಜೆಗೆ ಎಲ್ಲ ಮತ್ತೆ ಟೆಂಪೋ ಏರಿ ಮುಂದಿನೂರಿನ ಗೃಹಪ್ರವೇಶಕ್ಕೆ ಹೊರಡುತ್ತದೆ.